ನಮ್ಮ ಕಾಕು ಎಬ್ಬಿಸಿದ ಹೊಗೆ

ನಮ್ಮ ಕಾಕು ಈವರೆಗೆ ಹದಿನೇಳು ಕೋಟೆಗಳಿಗೆ ಬೆಂಕಿ ಇಟ್ಟಿದ್ದಾಳೆ. ಇದರ ಜೊತೆಗೆ ಎರಡು ಸಂತೆಪೇಟೆ, ನಾಲ್ಕು ಹಡಗು, ಒಂದು ಮದ್ದಿನ ಮನೆ, ಮತ್ತು ಯಾರಿಗೂ ಏನೂ ಕೇಡು ಮಾಡದೆ ಹೊಲದಂಚಿನಲ್ಲಿ ತನ್ನ ಪಾಡಿಗೆ ತಾನು ನಿಂತಿದ್ದ ಒಂದು ಹುಲ್ಲಿನ ಬಣವೆ. ಬಣವೆಗೆ ಯಾಕೆ ಇಟ್ಟೆ ಎಂದು ಕೇಳಿದರೆ, "ಕೈ ಕೂಡ್ತದೋ ಇಲ್ಲೋ ನೋಡ್ಲಿಕ್ಕೆ" ಎಂದಳು. ಇಷ್ಟೆಲ್ಲ ಆದರೂ ಪೊಲೀಸರು ಒಮ್ಮೆಯೂ ನಮ್ಮ ಮನೆಗೆ ಬಂದಿಲ್ಲ. ಬರುವುದಾದರೂ ಹೇಗೆ? ನಮ್ಮ ಗಲ್ಲಿಯಲ್ಲಿ ಎದುರಿಗೊಂದು ಗೂಳಿ ಬಂದರೆ ಮನುಷ್ಯ ಯಾರದಾದರೂ ಹೊಸ್ತಿಲು ಹತ್ತಿ ದಾರಿ ಬಿಡಬೇಕು. ಅಲ್ಲದೆ ಕಾಕು ಸುಟ್ಟದ್ದೆಲ್ಲ ನನ್ನ ಕಂಪ್ಯೂಟರಿನ ಒಳಗೆ ಇದೆ. ಅಲ್ಲಿಗೆ ಅಗ್ನಿಶಾಮಕ ದಳವೂ ಹೋಗುವಂತಿಲ್ಲ.

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ನಾವು ಮೂಲತಃ ಧಾರವಾಡದ ಕಡೆಯವರು. ಮೂರು ತಲೆಮಾರಿನಿಂದ ಕಾಶಿಯ ಹನುಮಾನ್ ಘಾಟಿನ ಹತ್ತಿರ ಇದ್ದೇವೆ. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡದಾನ ಮಾಡಿಸುವುದು ಮನೆತನದ ಕಸುಬು. ನಮ್ಮ ಕಾಕಾ ಮೇಲಿನ ಮನೆಯಲ್ಲಿ ಮಂತ್ರ ಹೇಳುತ್ತಿದ್ದರು. ಕಾಕು ಕೆಳಗಿನ ಅಡುಗೆಮನೆಯಲ್ಲಿ ಕಟ್ಟಿಗೆ, ಕುಳ್ಳು ಹಾಕಿ ಒಲೆ ಉರಿಸಿ ಮೂವತ್ತೈದು ವರ್ಷ ಅಡುಗೆ ಮಾಡಿದಳು. ಆ ಅಡುಗೆಮನೆಗೆ ಒಂದೇ ಕಿಟಕಿ. ಅದೂ ಪಕ್ಕದ ಮನೆಯ ಗೋಡೆಯನ್ನು ನೋಡುತ್ತಿತ್ತು. ಕಾಕಾ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರಿಗೆ ಮಕ್ಕಳಿರಲಿಲ್ಲವಾದ್ದರಿಂದ ಅವರ ಕೊನೆಯ ಕೆಲಸವನ್ನು ನಾನೇ ಮಾಡಿದೆ. ಅಂದಿನಿಂದ ಕಾಕು ನನ್ನ ಮತ್ತು ನನ್ನ ಹೆಂಡತಿಯ ಜೊತೆ ಮೂರನೆಯ ಮಹಡಿಯಲ್ಲಿ ಇದ್ದಾಳೆ.

ಎರಡು ವರ್ಷದ ಹಿಂದೆ ಮೆಟ್ಟಿಲು ಹತ್ತುವಾಗ ಅವಳಿಗೆ ದಮ್ಮು ಬಂದು ನಡುವೆಯೇ ಕೂತುಬಿಟ್ಟಳು. ಕರೆದುಕೊಂಡು ಹೋದರೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವರ ಎದೆ ಹೀಗಿರುತ್ತದೆ ಎಂದರು. ಕಾಕುಗೆ ಕಾಯಿಲೆಗಿಂತ ಆ ಮಾತಿನಿಂದಲೇ ಹೆಚ್ಚು ನೋವಾಯಿತು. "ನಾ ಬೀಡಿ ಸೇದ್ತೀನಿ ಅಂತ ಇವರಿಗೆ ಯಾರು ಹೇಳಿದ್ರು? ನೀ ಹೇಳಿದ್ಯಾ?" ಎಂದು ನನ್ನನ್ನೇ ಕೇಳಿದಳು. ಡಾಕ್ಟರು ಅಪ್ಪಣೆ ಕೊಟ್ಟರು: "ಮಾತಾಜಿ, ಧುವಾಂ ಬಿಲ್ಕುಲ್ ಬಂದ್." ಹೊಗೆ ಸಂಪೂರ್ಣ ಬಂದ್. ಒಲೆ ಇಲ್ಲ, ಹೋಮ ಇಲ್ಲ, ಊದಿನಕಡ್ಡಿಯೂ ಇಲ್ಲ. ಕಾಶಿಯಲ್ಲಿ ಇದ್ದುಕೊಂಡು ಹೊಗೆಯಿಂದ ದೂರವಿರಿ ಎನ್ನುವುದು ಮೀನಿಗೆ ನೆಗಡಿಯಾಗಿದೆ, ಸ್ವಲ್ಪ ದಿನ ನೀರಿಗೆ ಇಳಿಯಬೇಡ ಎಂದ ಹಾಗೆ.

ನಾನೋ ಹುಟ್ಟಿದಾಗಿನಿಂದ ಹೆದರುಪುಕ್ಕಲ. ಆವತ್ತಿನಿಂದ ಮನೆಯ ಹೊಗೆ ಇಲಾಖೆಯ ಮುಖ್ಯಸ್ಥನಾದೆ. ಮೆಟ್ಟಿಲಿನ ಪ್ರತಿ ತಿರುವಿನಲ್ಲಿ ನಿಂತು ಮೂಗು ಮೇಲೆತ್ತಿ ಮೂಸುತ್ತಿದ್ದೆ. ಕೆಳಗಿನ ಬಾಡಿಗೆಯವರು ಒಗ್ಗರಣೆ ಹಾಕಿದರೆ ಮೇಲಿನ ಕಿಟಕಿ ಮುಚ್ಚುತ್ತಿದ್ದೆ. ಕಾಕು ಮಲಗಿದಾಗ ಬಾಗಿಲ ಬಳಿ ನಿಂತು ಅವಳ ಉಸಿರು ಎಣಿಸುತ್ತಿದ್ದೆ. ಒಂದು ಮಧ್ಯಾಹ್ನ ಅವಳು ಕಣ್ಣು ಮುಚ್ಚಿಕೊಂಡೇ, "ಎಷ್ಟಾತು?" ಎಂದಳು. "ಹದಿನೆಂಟು" ಎಂದೆ. "ನೀ ನಿಂತದ್ದಕ್ಕ ಎರಡು ಹೆಚ್ಚಾಗ್ಯಾವ. ಹೋಗು" ಎಂದು ಮಗ್ಗುಲಾದಳು.

ಇನ್ನು ನನ್ನ ಗುಟ್ಟೊಂದನ್ನು ಹೇಳಬೇಕು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಪಂಚೆ ಉಟ್ಟು ಘಾಟಿನಲ್ಲಿ ಪಿಂಡ ಇಡಿಸುತ್ತೇನೆ. ಮಧ್ಯಾಹ್ನದ ಮೇಲೆ ಕಂಪ್ಯೂಟರಿನಲ್ಲಿ ಯುದ್ಧದ ಆಟ ಕಟ್ಟುತ್ತೇನೆ. ಆಡುವುದಲ್ಲ, ಕಟ್ಟುವುದು. ಆ ಆಟದ ಜೊತೆ ಸಿನಾರಿಯೋ ಎಡಿಟರ್ ಎಂಬ ಒಂದು ಸಲಕರಣೆ ಕೊಟ್ಟಿದ್ದಾರೆ. ಅದರಲ್ಲಿ ನಮಗೆ ಬೇಕಾದಲ್ಲಿ ಗುಡ್ಡ ಎಬ್ಬಿಸಬಹುದು, ಹೊಳೆ ಹರಿಸಬಹುದು, ಕೋಟೆ ನಿಲ್ಲಿಸಿ ಸೈನಿಕರನ್ನು ಇಡಬಹುದು, ಯಾವಾಗ ಏನು ಆಗಬೇಕು ಎಂದು ಬರೆದಿಡಬಹುದು. ಮೈಸೂರು, ಹುಬ್ಬಳ್ಳಿ, ಪುಣೆಗಳಲ್ಲಿರುವ ನಾಲ್ಕು ಜನ ಮತ್ತು ನಾನು ಸೇರಿ ಒಂದು ಕೋಟೆಯ ಮುತ್ತಿಗೆಯ ಕಥೆ ಕಟ್ಟುತ್ತಿದ್ದೆವು. ಒಬ್ಬರ ಮುಖ ಒಬ್ಬರು ನೋಡಿಲ್ಲ. ನನ್ನ ಪಾಲಿಗೆ ಬಂದದ್ದು ಬೆಂಕಿ ಮತ್ತು ಹೊಗೆ. ಕಾಶಿಯವನು ಎಂದು ಕೊಟ್ಟರೋ, ಬೇರೆ ಯಾರೂ ಒಪ್ಪಲಿಲ್ಲವೋ, ಗೊತ್ತಿಲ್ಲ.

ಆಟದಲ್ಲಿ ಹೊಗೆ ಎಂದರೆ ಒಂದು ವಸ್ತುವಲ್ಲ. ಅದು ಸಾವಿರಾರು ಸಣ್ಣ ಕಣಗಳ ಗುಂಪು. ಕಣ ಎಲ್ಲಿ ಹುಟ್ಟಬೇಕು, ಒಂದು ಕ್ಷಣಕ್ಕೆ ಎಷ್ಟು ಹುಟ್ಟಬೇಕು, ಎಷ್ಟು ಹೊತ್ತು ಬದುಕಬೇಕು, ಮೇಲೇರಿದಂತೆ ಎಷ್ಟು ಹಿಗ್ಗಬೇಕು, ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ತಿರುಗಬೇಕು, ಗಾಳಿ ಯಾವ ಕಡೆ ಎಳೆಯಬೇಕು, ಎಲ್ಲವನ್ನೂ ನಾವೇ ಅಂಕಿಗಳಲ್ಲಿ ಹೇಳಬೇಕು. ನಾನು ಮೂರು ವಾರ ಹೆಣಗಿ ಒಂದು ಹೊಗೆ ಮಾಡಿದ್ದೆ. ಕಾಕು ನನ್ನ ಹಿಂದೆ ಕೂತು ಅಕ್ಕಿ ಆರಿಸುತ್ತಿದ್ದವಳು ಕನ್ನಡಕ ಏರಿಸಿ ನೋಡಿದಳು.

"ಇದೇನು, ಅರಳಿ ಹಿಂಜ್ಲಿಕ್ಕತ್ತಾರೇನು?"

"ಹೊಗೆ ಕಾಕು. ಕೋಟೆಗೆ ಬೆಂಕಿ ಬಿದ್ದದ."

"ಹೊಗಿ ಹಿಂಗ ಏಳೂದಿಲ್ಲೋ ತಮ್ಮಾ. ಏನು ಸುಡ್ಲಿಕ್ಕತ್ತದ ಅಲ್ಲಿ?"

"ಕೋಟೆ."

"ಕೋಟಿ ಕಲ್ಲಿಂದು. ಕಲ್ಲು ಸುಡ್ತದೇನು? ಒಳಗ ಏನದ? ಹುಲ್ಲದನೋ, ಎಣ್ಣಿ ಅದನೋ, ಹಸೀ ಕಟಗಿ ಅದನೋ?"

ಮೂರು ವಾರದಿಂದ ಬೆಂಕಿ ಹಚ್ಚುತ್ತಿದ್ದವನಿಗೆ ಏನು ಸುಡುತ್ತಿದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಕಾಕು ಮೊರ ಕೆಳಗಿಟ್ಟು ಪಾಠ ಶುರುಮಾಡಿದಳು. ಹಸಿ ಕಟ್ಟಿಗೆಯ ಹೊಗೆ ಮೊದಲು ಮೇಲೆ ಹೋಗುವುದಿಲ್ಲ, ಹಳದಿ ಬಣ್ಣದಲ್ಲಿ ನೆಲದ ಮೇಲೆ ಹೊರಳುತ್ತದೆ, ಸಿಟ್ಟು ಬಂದ ಬೆಕ್ಕಿನ ಹಾಗೆ. ಕುಳ್ಳಿನದು ನೀಲಿ, ತೆಳುವಾಗಿ ಹೊತ್ತುಗಟ್ಟಲೆ ಎಳೆಯುತ್ತದೆ. ಎಣ್ಣೆಯದು ಕರಿ, ಬುಡದಲ್ಲಿ ಗಂಟು ಗಂಟು. ಒಣ ಹುಲ್ಲಿಗೆ ಹೊಗೆಯೇ ಇಲ್ಲ, ಬೆಂಕಿ ಹೋದ ಮೇಲೆ ಬೆಳ್ಳಗೆ ಏಳುತ್ತದೆ. "ಮತ್ತ ಬೆಂಕಿ ಕೆಂಪಂತ ಯಾರು ಹೇಳಿದ್ರು ನಿನಗ? ಬುಡಕ್ಕ ನೋಡು ಯಾವಾಗಾದ್ರೂ" ಎಂದಳು.

ನಾನು ಅವಳು ಹೇಳಿದ ಹಾಗೆ ಅಂಕಿ ತಿದ್ದಿದೆ. ಪರದೆಯ ಮೇಲೆ ಎದ್ದ ಹೊಗೆ ನೋಡಿ ನನಗೇ ಕೆಮ್ಮು ಬಂತು. ಎದ್ದು ಕಿಟಕಿ ತೆರೆದೆ. ಆಮೇಲೆ ನಾಚಿಕೆಯಾಗಿ ಮುಚ್ಚಿದೆ.

ಒಂದು ವಾರದಲ್ಲಿ ಮೌಸು ಅವಳ ಕೈಗೆ ಹೋಯಿತು. ಅವಳು ಅದನ್ನು ಬಿಸಿ ಪಾತ್ರೆಯ ಮುಚ್ಚಳ ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತುತ್ತಿದ್ದಳು. ಮೊದಲ ದಿನ ಹತ್ತು ಎಂದು ಬರೆಯಬೇಕಾದಲ್ಲಿ ಸೊನ್ನೆ ಒತ್ತಿ ಹಿಡಿದದ್ದರಿಂದ ಕಣಗಳು ಕೋಟಿಗಟ್ಟಲೆ ಹುಟ್ಟಿ, ಕೋಟೆ ಹೋಯಿತು, ಗುಡ್ಡ ಹೋಯಿತು, ಹೊಳೆ ಹೋಯಿತು, ಕೊನೆಗೆ ಕಂಪ್ಯೂಟರಿನ ಪಂಖ ಕಿರ್ರೆಂದು ನಿಂತಿತು. ಕಂಪ್ಯೂಟರಿನ ಹಿಂದಿನಿಂದ ನಿಜವಾಗಿಯೇ ಸುಟ್ಟ ವಾಸನೆ ಬಂತೇನೋ ಎಂದು ನಾನು ಕಾಕುವನ್ನು ಕುರ್ಚಿ ಸಮೇತ ವರಾಂಡಕ್ಕೆ ಎಳೆದುಕೊಂಡು ಹೋದೆ. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು, "ಕ್ಯಾ ಹುವಾ? ಆಟದಾಗಿನ ಹೊಗೆಗೂ ಓಡಿಸ್ತೀರೇನು ಅವರನ್ನ?" ಎಂದು ಕೇಳಿದಳು.

ಆ ಸಲಕರಣೆಯಲ್ಲಿದ್ದ ಇಂಗ್ಲಿಷ್ ಹೆಸರುಗಳಿಗೆಲ್ಲ ಅವಳು ತನ್ನವೇ ಹೆಸರಿಟ್ಟಳು. ಕಣ ಹುಟ್ಟುವ ಜಾಗ ಒಲೆ. ಗಾಳಿಯ ಅಂಕಿ ಊದುಕೊಳವೆ. ಕಣ ಬದುಕುವ ಕಾಲಕ್ಕೆ ಆಯುಷ್ಯ. ಕೂತಲ್ಲಿಂದ ಕೂಗುತ್ತಿದ್ದಳು, "ಇದಕ್ಕ ಆಯುಷ್ಯ ಎಷ್ಟು ಬರೀಲಿ?" ಬೆಳಿಗ್ಗೆಯಿಂದ ಕಂಡಕಂಡವರಿಗೆಲ್ಲ ನೂರು ವರ್ಷ ಬದುಕು ಎಂದು ಹರಸಿ ಬಂದ ನಾನು, ಊಟದ ತಟ್ಟೆಯ ಮುಂದೆ ಕೂತು, "ಮೂರೂವರೆ ಸೆಕೆಂಡು ಸಾಕು" ಎನ್ನುತ್ತಿದ್ದೆ. ಒಮ್ಮೆ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ ಗದಗಿನ ಯಾತ್ರಿಕರೊಬ್ಬರು ಇದನ್ನು ಕೇಳಿ, ಒಳಗೆ ಬರದೆ, ಆಮೇಲೆ ಬರುತ್ತೇವೆ ಎಂದು ಹೋದರು. ಬರಲಿಲ್ಲ.

ಹೊಗೆ ನೋಡಿ ತಂಡದವರು ಬೆರಗಾದರು. ತಂಡದ ಮುಖ್ಯಸ್ಥ ಮೈಸೂರಿನವನು, ಬಹಳ ವಿನಯದ ಮನುಷ್ಯ. ಫೋನಿನಲ್ಲಿ, "ಸಾರ್, ಈ ಹೊಗೆ ನೀವೇ ಮಾಡಿದ್ದಾ?" ಎಂದು ಕೇಳಿದ. ಆ ದನಿಯಲ್ಲಿದ್ದ ಅಪನಂಬಿಕೆ ನನಗೆ ಸ್ವಲ್ಪ ಚುಚ್ಚಿತು. ನಮ್ಮಲ್ಲಿ ಒಬ್ಬರು ಪರಿಣತರಿದ್ದಾರೆ, ಈ ಕ್ಷೇತ್ರದಲ್ಲಿ ಮೂವತ್ತೈದು ವರ್ಷದ ಅನುಭವ ಎಂದೆ. ಅವರ ಜೊತೆ ಮಾತಾಡಲೇಬೇಕು ಎಂದ. ಕಾಕುಗೆ ಫೋನು ಕೊಟ್ಟೆ.

"ನಿಮ್ಮನ್ಯಾಗ ಒಲಿ ಅದ ಏನ್ರಿ?" ಎಂದು ಕಾಕು ನೇರವಾಗಿ ಕೇಳಿದಳು.

"ಇಂಡಕ್ಷನ್ ಇದೆ ಮೇಡಂ."

"ಹಂಗಾರ ನಿಮಗ ಹೇಳಿ ಉಪಯೋಗಿಲ್ಲ" ಎಂದು ಫೋನು ನನಗೆ ಕೊಟ್ಟಳು.

ಅವನು ಆಮೇಲೆ ನನ್ನನ್ನು ಗುಟ್ಟಾಗಿ ಕೇಳಿದ, ಮೇಡಂ ಯಾವ ಸ್ಟುಡಿಯೋದಲ್ಲಿದ್ದರು ಅಂತ.

ಇಲ್ಲಿಯವರೆಗೆ ನನಗೆ ಸಮಾಧಾನವೇ ಇತ್ತು. ಎದೆಗೆ ಇಳಿಯದ, ಕಣ್ಣು ಉರಿಸದ ಹೊಗೆ. ಕಾಕು ಕೂತಲ್ಲೇ ಕೂರುತ್ತಾಳೆ, ಮೆಟ್ಟಿಲು ಇಳಿಯುವುದಿಲ್ಲ. ಡಾಕ್ಟರಿಗೂ ಹೇಳಿ ಹೊಗಳಿಸಿಕೊಳ್ಳಬೇಕು ಎಂದುಕೊಂಡಿದ್ದೆ. ಆದರೆ ಚಳಿಗಾಲ ಬಂತು. ಒಂದು ಸಂಜೆ ಅವಳ ಶಾಲು ಮಡಚುತ್ತಿದ್ದ ಹೆಂಡತಿ ಅದನ್ನು ಮೂಗಿಗೆ ಹಿಡಿದು, ನನ್ನ ಮೂಗಿಗೂ ಹಿಡಿದಳು. ಇದ್ದಿಲು, ಬೆಂದ ಹಿಟ್ಟು, ಸುಟ್ಟ ಬದನೆಕಾಯಿ. ಗಲ್ಲಿಯ ಬಾಯಲ್ಲಿ ಲಿಟ್ಟಿ ಎಂಬ ಹಿಟ್ಟಿನ ಉಂಡೆ ಸುಡುವವನ ಒಲೆಯ ವಾಸನೆ ಅದು, ಸಂಶಯವೇ ಇಲ್ಲ.

"ಕಾಕು, ಲಿಟ್ಟಿಯವನ ಕಡೆ ಹೋಗಿದ್ಯಾ?"

"ಹೋಗಿದ್ದೆ. ದೂರ ನಿಂತಿದ್ದೆ."

"ಎಷ್ಟು ದೂರ?"

"ಲಿಟ್ಟಿ ಕೈಗೆ ಹತ್ತೋವಷ್ಟು" ಎಂದು ಅವಳು ಪ್ರಾಮಾಣಿಕವಾಗಿ ಒಪ್ಪಿಕೊಂಡಳು. "ಗಾಳಿ ಆ ಕಡಿ ಇತ್ತೋ. ನೋಡಿಕೊಂಡೇ ನಿಂತಿದ್ದೆ. ನೋಡದ ಮಾಡಿದ್ರ ಅರಳಿ ಆಗ್ತದ, ಹೊಗಿ ಆಗೂದಿಲ್ಲ."

ಆಮೇಲೆ ತಿಳಿಯಿತು, ಇದು ಮೊದಲ ಸಲವಲ್ಲ. ಬೆಳಿಗ್ಗೆ ನಾನು ಘಾಟಿಗೆ ಇಳಿದ ಮೇಲೆ ಅವಳು ಹೊಗೆ ಹುಡುಕಿಕೊಂಡು ಹೊರಡುತ್ತಿದ್ದಳಂತೆ. ಗಲ್ಲಿಯವರು ಚಳಿ ಕಾಯಿಸಿಕೊಳ್ಳಲು ಹಚ್ಚಿದ ಬೆಂಕಿ, ಚಹಾದವನ ಇದ್ದಿಲ ಒಲೆ, ಕಡಲೆ ಹುರಿಯುವವಳ ಭಟ್ಟಿ. ಕೈಯಲ್ಲೊಂದು ನೋಟ್‌ಬುಕ್ಕು. ಗಲ್ಲಿಯಲ್ಲಿ ಅವಳನ್ನು ನಗರಪಾಲಿಕೆಯಿಂದ ಬಂದ ತಪಾಸಣೆಯವಳು ಎಂದುಕೊಂಡು ಚಹಾದವನು ಎರಡು ದಿನ ಅಂಗಡಿಯನ್ನೇ ತೆಗೆದಿರಲಿಲ್ಲ.

ಅದೇ ವಾರ ಅವಳಿಗೆ ದಮ್ಮು ಜೋರಾಯಿತು. ಮುಖಕ್ಕೆ ಮಾಸ್ಕು ಕಟ್ಟಿ, ಯಂತ್ರದಿಂದ ಮದ್ದಿನ ಆವಿ ಕೊಡಿಸುತ್ತ ಕೂತಿದ್ದಾಗ ಅವಳ ಉಗುರುಗಳು ನೀಲಿಯಾಗಿದ್ದವು. ನಾನು ಎಣಿಸಲು ಹೋಗಿ ಮೂವತ್ತರ ನಂತರ ಎಣಿಕೆ ತಪ್ಪಿದೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನೊಂದು ಸಲ ಹೀಗಾದರೆ ನಾನು ಏನೂ ಭರವಸೆ ಕೊಡಲಾರೆ ಎಂದರು. ಒಳಗೆ ಬಂದು ಅವಳಿಗೂ ಅರ್ಥವಾಗಲೆಂದು ನಿಧಾನವಾಗಿ ಹಿಂದಿಯಲ್ಲಿ ವಿವರಿಸಿದರು. ಹೊಗೆಯಲ್ಲಿ ಬಹಳ ಸಣ್ಣ ಕಣಗಳಿರುತ್ತವೆ ಮಾತಾಜಿ, ಅವು ಎದೆಯ ಒಳಗೆ ಹೋಗಿ ಕೂತರೆ ಹೊರಗೆ ಬರುವುದಿಲ್ಲ. ಕಾಕು ಮಾಸ್ಕು ಸರಿಸಿದಳು. ಕಣ್ಣಲ್ಲಿ ಒಂದು ಬೆಳಕು.

"ಕಿತ್ನೇ ಛೋಟೇ?" ಎಷ್ಟು ಸಣ್ಣವು?

ಡಾಕ್ಟರು ಕೂದಲಿನ ಲೆಕ್ಕದಲ್ಲಿ ಹೇಳಿದರು. ಅವಳು ನನ್ನ ಕಡೆ ತಿರುಗಿ, "ನಾವು ಬಹಳ ದಪ್ಪ ಇಟ್ಟೇವಿ" ಎಂದಳು.

ಮನೆಗೆ ಬಂದು ನಾನು ಕೂಗಾಡಿದೆ. ಜೀವನದಲ್ಲಿ ಮೊದಲ ಸಲ ಅವಳ ಮೇಲೆ ದನಿ ಎತ್ತಿದೆ. ಇನ್ನು ಮೇಲೆ ಹೊರಗೆ ಹೆಜ್ಜೆ ಇಟ್ಟರೆ ಕಂಪ್ಯೂಟರನ್ನು ಗಂಗೆಗೆ ಹಾಕುತ್ತೇನೆ ಎಂದೆ. ಕಾಕು ತಲೆ ತಗ್ಗಿಸಿ ಕೇಳಿಸಿಕೊಂಡಳು. ಮೂರು ವಾರ ಮನೆಬಿಟ್ಟು ಕದಲಲಿಲ್ಲ. ಅಷ್ಟು ವಿಧೇಯತೆ ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ಆ ಮೂರು ವಾರದಲ್ಲಿ ಮುತ್ತಿಗೆಯ ಕಥೆ ಮುಗಿಯುತ್ತ ಬಂತು. ಕೊನೆಯ ದೃಶ್ಯವೊಂದು ಉಳಿದಿತ್ತು. ಯುದ್ಧ ಮುಗಿದ ಮೇಲೆ ಹೊಳೆಯ ದಂಡೆಯಲ್ಲಿ ಕೋಟೆಯ ದಳವಾಯಿಯ ಚಿತೆ ಉರಿಯುತ್ತದೆ. ಅಷ್ಟೇ. ಮಾತಿಲ್ಲ, ಸೈನ್ಯವಿಲ್ಲ, ಒಂದು ಬೆಂಕಿ, ಒಂದು ಹೊಗೆ. ಮೈಸೂರಿನವನು, "ಇದು ಮೇಡಂ ಕೈಯಲ್ಲೇ ಆಗಬೇಕು ಸಾರ್" ಎಂದು ಹೇಳಿ ಕಳಿಸಿದ್ದ. ನಾನು ಹೇಳಿದೆ. ಕಾಕು ಮೌಸು ಹಿಡಿದು ಕೂತಳು. ಏನೂ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೌಸು ಬಿಟ್ಟಳು.

"ಇದೊಂದು ನಾ ನೋಡಿಲ್ಲ" ಎಂದಳು.

ಅದು ನಿಜ. ನಮ್ಮ ಮನೆಯಿಂದ ಹರಿಶ್ಚಂದ್ರ ಘಾಟಿನ ಸ್ಮಶಾನಕ್ಕೆ ನಡೆದರೆ ಹತ್ತು ನಿಮಿಷವಿಲ್ಲ. ಆದರೆ ನಮ್ಮ ಮನೆಯ ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಮದುವೆಯಾಗಿ ಬಂದ ದಿನದಿಂದ ಅವಳು ಆ ಹೊಗೆಯ ನೆರಳಲ್ಲೇ ಇದ್ದರೂ ಹತ್ತಿರದಿಂದ ಒಮ್ಮೆಯೂ ಕಂಡವಳಲ್ಲ. "ಬೇಡ ಬಿಡು, ಹುಬ್ಬಳ್ಳಿಯವರಿಗೆ ಹೇಳೋಣ" ಎಂದೆ. ಅವಳು ಎದ್ದು ತನ್ನ ಕೋಣೆಗೆ ಹೋದಳು.

ಮರುದಿನ ಮಧ್ಯಾಹ್ನ ನಾನು ಮನೆಗೆ ಬಂದಾಗ ಕಾಕು ಇರಲಿಲ್ಲ. ಹೆಂಡತಿ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳಂತೆ, ಇಳಿದು ಬರುವಷ್ಟರಲ್ಲಿ ಕೋಣೆ ಖಾಲಿ. ಚಪ್ಪಲಿ ಇಲ್ಲ. ನೋಟ್‌ಬುಕ್ಕು ಇಲ್ಲ. ಫೋನು ಇತ್ತು. ಅವಳ ಉಸಿರಿನ ಪಂಪು, ಆ ನೀಲಿ ಬಣ್ಣದ್ದು, ಕೀಬೋರ್ಡಿನ ಪಕ್ಕದಲ್ಲಿ ಇತ್ತು.

ಅದನ್ನು ಕೈಯಲ್ಲಿ ಹಿಡಿದು ಓಡಿದೆ. ಲಿಟ್ಟಿಯವನು ನೋಡಿಲ್ಲ ಎಂದ. ಚಹಾದವನು ನನ್ನನ್ನು ಕಂಡು ಶಟರು ಎಳೆಯಲು ಹೋದ. ಕಡಲೆ ಹುರಿಯುವವಳು, ಮಾತಾಜಿ ಈಚೆಗೆ ಬಂದೇ ಇಲ್ಲವಲ್ಲ, ಹುಷಾರಿಲ್ಲವೇ ಎಂದು ನನ್ನನ್ನೇ ಕೇಳಿದಳು. ಕಾಕುವಿನ ಗೆಳತಿಯೊಬ್ಬಳು ವಿಶ್ವನಾಥ ಗಲ್ಲಿಯಲ್ಲಿ ಕುಂಕುಮದ ಅಂಗಡಿ ಇಟ್ಟಿದ್ದಾಳೆ, ಅಲ್ಲಿಗೆ ಫೋನು ಮಾಡಿದೆ. ಅಲ್ಲೂ ಇಲ್ಲ. ತಲೆಯಲ್ಲಿ ಏನೇನೋ ಓಡಿತು. ಯಾವುದೋ ಮೆಟ್ಟಿಲ ತಿರುವಿನಲ್ಲಿ ಕೂತುಬಿಟ್ಟಿದ್ದಾಳೆ. ಯಾರೋ ನೀರು ಕುಡಿಸುತ್ತಿದ್ದಾರೆ. ಪಂಪು ನನ್ನ ಕೈಯಲ್ಲಿದೆ. ಹೂ ಮಾರುವವಳೊಬ್ಬಳು, ಮಾತಾಜಿ ಘಾಟಿನ ಕಡೆ ಇಳಿದರು ಎಂದಳು. ನಾನು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದೆ. ಪಂಚೆ ಕಾಲಿಗೆ ತೊಡರಿ ಒಂದು ಕಡೆ ಬಿದ್ದೆ. ಎದ್ದೆ.

ಕೆಳಗೆ ನಮಗೆ ಪರಿಚಯದ ದೋಣಿಯವನು ಹಗ್ಗ ಸುತ್ತುತ್ತ ಕೂತಿದ್ದ. ನನ್ನ ಅವಸ್ಥೆ ನೋಡಿ ಸಮಾಧಾನದ ದನಿಯಲ್ಲಿ ಹೇಳಿದ:

"ಪಂಡಿತ್ ಜೀ, ಚಿಂತಾ ಮತ್ ಕೀಜಿಯೇ. ಮಾತಾಜಿ ಬೀಚ್ ಗಂಗಾ ಮೇಂ ಹೈಂ."

ಮಾತಾಜಿ ಗಂಗೆಯ ನಡುವೆ ಇದ್ದಾರೆ. ಕಾಶಿಯಲ್ಲಿ ಈ ಮಾತಿಗೆ ಎಷ್ಟು ಅರ್ಥಗಳಿರಬಹುದು? ಕಲ್ಲಿನ ಮೇಲೆ ಕೂತುಬಿಟ್ಟೆ. ಅವನು ಹಗ್ಗ ಸುತ್ತಿ ಮುಗಿಸಿ, ಗಂಟು ಹಾಕಿ, ಆಮೇಲೆ ಉಳಿದದ್ದನ್ನು ಹೇಳಿದ:

"ನಾವ್ ಮೇಂ. ಹಮ್ರೇ ಭೈಯಾ ಕೆ ಸಾಥ್."

ದೋಣಿಯಲ್ಲಿ, ಅವನ ಅಣ್ಣನ ಜೊತೆ.

ಅವನ ದೋಣಿಯಲ್ಲೇ ಹೋದೆ. ಹರಿಶ್ಚಂದ್ರ ಘಾಟಿನ ಎದುರಿಗೆ, ನದಿಯ ಅರ್ಧ ಅಗಲ ಬಿಟ್ಟು, ಪ್ರವಾಹದ ಮೇಲುಗಡೆ ಒಂದು ದೋಣಿ ನಿಂತಿತ್ತು. ಹೊಗೆ ಕೆಳಗಿನ ಕಡೆಗೆ ಹೋಗುತ್ತಿತ್ತು, ಅವಳ ಕಡೆಗೆ ಒಂದೆಳೆಯೂ ಇಲ್ಲ. ಕಾಕು ಶಾಲು ಹೊದ್ದು, ಮೂಗಿಗೆ ಒದ್ದೆ ಸೆರಗು ಹಿಡಿದು, ಮೊಣಕಾಲ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಜಪ ಮಾಡುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋದರೆ, "ಆರು, ಏಳು, ಎಂಟು" ಎಂದು ಎಣಿಸುತ್ತಿದ್ದಳು.

ನಾನು ಅವಳ ದೋಣಿಗೆ ದಾಟಿದೆ. ಪಂಪನ್ನು ಅವಳ ಕೈಗೆ ತುರುಕಿದೆ. ಬೈಯಬೇಕೆಂದು ಬಾಯಿ ತೆರೆದೆ, ನನಗೇ ಉಸಿರು ಇರಲಿಲ್ಲ.

"ಮೊದಲು ನೀ ಒಂದು ಎಳಕೋ" ಎಂದು ಅವಳು ಪಂಪನ್ನು ನನ್ನ ಕಡೆ ಚಾಚಿದಳು.

ದೋಣಿಯವರು ಇಬ್ಬರೂ ಮುಖ ತಿರುಗಿಸಿ ನಕ್ಕರು. ನನಗೆ ನಗು ಬರಲಿಲ್ಲ. "ಒಂದು ಆಟಕ್ಕ, ಕಾಕು? ಮುಖ ಗೊತ್ತಿಲ್ಲದವರು ಯಾರೋ ಆಡೋ ಆಟಕ್ಕ ಜೀವ ಕೊಡ್ತೀಯೇನು?" ಎಂದೆ.

ಅವಳು ಘಾಟಿನ ಕಡೆ ತಿರುಗಿದಳು. ದಂಡೆಯಲ್ಲಿ ಮೂರು ಚಿತೆಗಳು ಉರಿಯುತ್ತಿದ್ದವು. ಮೇಲಿನ ಮೆಟ್ಟಿಲಲ್ಲಿ ಯಾರೋ ಹೊಸದಕ್ಕೆ ಕಟ್ಟಿಗೆ ಜೋಡಿಸುತ್ತಿದ್ದರು.

"ನಿಮ್ಮ ಕಾಕಾನ ಒಯ್ದ ದಿನ ನೀವೆಲ್ಲ ಹೋದ್ರಿ" ಎಂದಳು. "ನಾ ತಾರಸಿಗೆ ಹೋಗಿ ನಿಂತೆ. ಅಲ್ಲಿಂದ ಘಾಟು ಕಾಣೂದಿಲ್ಲಲ್ಲ, ಹೊಗಿ ಅಷ್ಟ ಕಾಣ್ತದ. ಐದಾರು ಹೊಗಿ ಇದ್ದವು ಅವತ್ತು. ಇವರದು ಯಾವುದು ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಒಂದು ಆರಿಸಿಕೊಂಡೆ. ಛಂದ ದಪ್ಪಗ ಏಳ್ತಿತ್ತು. ಎರಡು ತಾಸು ಅದನ್ನ ನೋಡಿಕೋತ ನಿಂತೆ."

"ಮತ್ತ?"

"ಆಮ್ಯಾಲ ಅನಿಸ್ತು, ಇದು ಬ್ಯಾರೆ ಯಾರದೋ ಇದ್ರ? ಹೋಗ್ಲಿ, ಅವರ ಮನ್ಯಾಗೂ ಯಾರೋ ನೋಡೋರು ಬೇಕಲ್ಲ ಅಂತ ಅದಕ್ಕೂ ಕೈ ಮುಗದೆ."

ಅವಳು ನೋಟ್‌ಬುಕ್ಕು ಮುಚ್ಚಿದಳು. "ಎಲ್ಲಾ ಹೊಗಿ ಮಾಡಿದೆ. ಇದು ಮಾಡ್ಲಿಕ್ಕೆ ಕೂತ್ರ ಕೈ ಏಳವಲ್ದು. ನೀ ಅಲ್ಲೇ ಇದ್ದಿ. ನಾಲ್ಕು ವರ್ಷಾತು. ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಊರಿನವರೆಲ್ಲರ ಸತ್ತವರ ಬಗ್ಗೆ ದಿನವಿಡೀ ಮಾತಾಡುವ ಕಸುಬಿನವನು ನಾನು. ಯಾತ್ರಿಕರಿಗೆ ಅವರ ಅಜ್ಜ, ಮುತ್ತಜ್ಜನ ಹೆಸರು ನೆನಪಿಸಿ ಹೇಳಿಸುತ್ತೇನೆ. ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ದೂರದಲ್ಲಿ ಊಟಕ್ಕೆ ಕೂರುವ ಇವಳಿಗೆ ಆ ದಿನ ಏನಾಯಿತು ಎಂದು ಹೇಳಬೇಕು ಎಂದು ನನಗೆ ತೋಚಿರಲೇ ಇಲ್ಲ. ಅವಳ ಉಸಿರು ಮಾತ್ರ ಎಣಿಸಿದ್ದೆ.

"ನೀನು ನೋಡಿದ್ದು ಕಾಕಾಂದು ಅಲ್ಲ" ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಮೇಲಿನ ಮೆಟ್ಟಿಲಾಗ ಜಾಗ ಇರಲಿಲ್ಲ. ನೀರಿನ ಅಂಚಿಗೆ ಕೊಟ್ಟರು. ಬಹಳ ಗಾಳಿ ಇತ್ತು. ಹೊಗೆ ಮೇಲೆ ಹೋಗಲೇ ಇಲ್ಲ ಕಾಕು. ನೀರಿನ ಮೇಲೆ ಮಲಗಿಕೊಂಡು ಆ ದಂಡೆಗೆ ಹೋತು. ತಾರಸಿಯಿಂದ ಯಾರಿಗೂ ಕಾಣ್ತಿರಲಿಲ್ಲ."

ಕಾಕು ಆಚೆ ದಂಡೆಯ ಮರಳನ್ನು ನೋಡಿದಳು.

"ಮಲಕೊಂಡ ಹೋದ್ರೇನು?" ಎಂದಳು. "ಅವರು ಹಂಗ. ಎದ್ದು ನಿಲ್ಲು ಅಂದ್ರ ಯಾವಾಗ ನಿಂತಾರ?"

ಆಗ ನನಗೆ ನಗು ಬಂತು. ನಗುವೋ ಏನೋ, ತಡೆಯಲಾಗಲಿಲ್ಲ. ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ, ಆಮೇಲೆ ಮತ್ತೆ ಹುಟ್ಟು ಹಾಕಿದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಕಂಪ್ಯೂಟರಿನ ಮುಂದೆ ಕೂತಳು. ನಾನು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡೆ. ಹೊಳೆಯ ಅಂಚಿಗೆ ಬೆಂಕಿ ಇಟ್ಟಳು. ಬೆಂಕಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊಗೆ ಎದ್ದಿತು. ಗಾಳಿಯ ಅಂಕಿ ತಿದ್ದಿದಳು. ಹೊಗೆ ಬಾಗಿತು.

"ಹಿಂಗ?"

"ಇನ್ನೂ ಸ್ವಲ್ಪ ಕೆಳಗೆ."

"ಹಿಂಗ?"

"ಇನ್ನೂ. ನೀರಿಗೆ ತಾಗಿಕೊಂಡು."

ಅವಳು ತಗ್ಗಿಸಿದಳು. ಬಣ್ಣ ಕೇಳಿದಳು. ಮೊದಲು ಕಂದು, ತುಪ್ಪ ಹಾಕಿದಾಗ ಬೆಳ್ಳಗಾಯಿತು ಎಂದೆ. ನೆನಪಿಲ್ಲ ಎಂದುಕೊಂಡಿದ್ದೆಲ್ಲ ನೆನಪಿತ್ತು. ಹೆಂಡತಿ ಚಹಾ ತಂದವಳು ಲೋಟ ಹಿಡಿದುಕೊಂಡೇ ನಮ್ಮ ಹಿಂದೆ ನಿಂತಳು. ಪರದೆಯ ಮೇಲೆ ಹೊಗೆ ನೀರಿನ ಮೇಲೆ ಮಲಗಿ, ಹರಡಿ, ಆಚೆ ದಂಡೆಯ ಮರಳಿನಲ್ಲಿ ಕರಗುತ್ತಿತ್ತು. ಕಾಕಾನ ಹೊಗೆಯೇ ಅದು.

"ನೀ ಎಲ್ಲಿ ನಿಂತಿದ್ದಿ?" ಎಂದು ಕೇಳಿದಳು.

ನಾನು ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಬೆಂಕಿಯ ತಲೆಯ ಕಡೆ, ಎರಡು ಮೆಟ್ಟಿಲು ಮೇಲೆ. ಕಾಕು ಸೈನಿಕರ ಪಟ್ಟಿ ತೆರೆದು, ಆಯುಧವಿಲ್ಲದ ಒಬ್ಬನನ್ನು ಹುಡುಕಿ ಅಲ್ಲಿ ನಿಲ್ಲಿಸಿದಳು. ಆಮೇಲೆ ಪಟ್ಟಿಯಲ್ಲಿ ಮತ್ತೇನನ್ನೋ ಹುಡುಕಿದಳು. ಆ ಆಟದಲ್ಲಿ ಹೆಂಗಸಿನ ಬೊಂಬೆ ಇರುವುದು ಒಂದೇ, ತಲೆಯ ಮೇಲೆ ಕೊಡ ಹೊತ್ತವಳು. ಅವಳನ್ನು ತಂದು ಅವನ ಪಕ್ಕದಲ್ಲಿ ಇಟ್ಟಳು. ಸರಿಯಾಗಲಿಲ್ಲವೆಂದು ಎರಡು ಮೆಟ್ಟಿಲು ಇಳಿಸಿ ಬೆಂಕಿಯ ಹತ್ತಿರಕ್ಕೆ ತಂದಳು.

"ಇದು ಯಾರು ಕಾಕು?"

"ನಾನೋ" ಎಂದಳು. "ಈಗ ಬಂದೆ ನೋಡು."